ಗುಡಿಯೊಳಗಿನ ಚುಕ್ಕೆ

ನಮ್ಮ ಹಾಜರಿ ತಿಮ್ಮಪ್ಪನ ಗುಡಿಯ ಒಳಗಿತ್ತು. ನಾವು ಹೊರಗಿದ್ದೆವು. ಏಳು ತಿಂಗಳು ಹೀಗೇ ನಡೆಯಿತು.

ನನ್ನ ಹೆಸರು ಮಂಜಮ್ಮ. ಪಾವಗಡ ತಾಲ್ಲೂಕಿನ ನಾಗಲಗುಂಟೆ ಪಂಚಾಯ್ತಿಯಲ್ಲಿ ಬೀದಿ ಗುಡಿಸುವ ಕೆಲಸ. ನಾವು ಆರು ಜನ ಹೆಂಗಸರು, ಆರೂ ಜನ ಕಾಲೋನಿಯವರು. ಈ ಕೆಲಸಕ್ಕೆ ಊರೊಳಗಿನಿಂದ ಯಾರೂ ಅರ್ಜಿ ಹಾಕಿರಲಿಲ್ಲ, ಹಾಗಾಗಿ ಪೈಪೋಟಿ ಏನೂ ಇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸು. ಪಾಸಾದವಳು ಅಂತ ನನ್ನನ್ನೇ ಗುಂಪಿನ ಮುಖ್ಯಸ್ಥೆ ಮಾಡಿ ಪೊರಕೆಯ ಜೊತೆ ಒಂದು ಫೋನನ್ನೂ ಕೊಟ್ಟರು.

ಮೊದಲು ಪುಸ್ತಕ ಇತ್ತು. ಪಂಚಾಯ್ತಿ ಬಾಗಿಲಲ್ಲಿ ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಹೋಗುತ್ತಿದ್ದೆವು. ಹೋದ ವರ್ಷ ಪುಸ್ತಕ ಹೋಯಿತು, ಆ್ಯಪ್ ಬಂತು. ಬೆಳಿಗ್ಗೆ ಏಳಕ್ಕೆ ಗೊತ್ತು ಮಾಡಿದ ಜಾಗದಲ್ಲಿ ನಿಂತು ಒಬ್ಬೊಬ್ಬರೇ ಮುಖ ತೋರಿಸಬೇಕು. ಆ ಜಾಗಕ್ಕೆ ಫೋನಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಇರುತ್ತದೆ. ಚುಕ್ಕೆಯ ಹತ್ತಿರ ಫೋನು ಇಲ್ಲದಿದ್ದರೆ ಕ್ಯಾಮೆರಾ ತೆರೆಯುವುದೇ ಇಲ್ಲ. ಮುಖ ಸರಿಯಾಗಿ ಬಿದ್ದರೆ ಒಳಗಿಂದ ಒಬ್ಬ ಹೆಂಗಸು ಗಟ್ಟಿಯಾಗಿ ಹೇಳುತ್ತಾಳೆ: "ಮಂಜಮ್ಮ ಅವರೇ, ಧನ್ಯವಾದಗಳು. ನಿಮ್ಮ ಹಾಜರಿ ದಾಖಲಾಗಿದೆ." ಹಾಜರಿ ಬೀಳದೆ ಪೊರಕೆ ಮುಟ್ಟಬಾರದು ಅಂತಲೂ ಒಂದು ನಿಯಮ ಇತ್ತು. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ಪಾಲಿಸಿದ್ದರೆ ಊರು ಗಬ್ಬು ನಾರುತ್ತಿತ್ತು.

ಚುಕ್ಕೆ ಹಾಕಿದವನು ಪಂಚಾಯ್ತಿಯ ಕಂಪ್ಯೂಟರ್ ಆಪರೇಟರ್ ಅನಿಲ್ ಕುಮಾರ್. ಕೆಟ್ಟವನಲ್ಲ. ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಒಂದೇ ಕಡೆ, ಗುಡಿಯ ಪೌಳಿಯೊಳಗೆ, ಬೇವಿನ ಮರದ ಕೆಳಗೆ. ಅವನು ಅಲ್ಲಿ ಕೂತು ಆ್ಯಪ್ ತೆರೆದ. ಹಾಜರಿಯ ಸ್ಥಳ ಯಾವುದು ಅಂತ ಆ್ಯಪ್ ಕೇಳಿತು. ಅವನು 'ಈಗಿರುವ ಜಾಗ' ಅನ್ನುವುದನ್ನು ಒತ್ತಿ ಎದ್ದುಹೋದ. ಆ ಜಾಗಕ್ಕೆ ಕಾಲಿಡಬಾರದವರು ಊರಲ್ಲಿ ಇದ್ದಾರೆ ಅನ್ನುವುದು ಅವನಿಗೆ ಹೊಳೆಯಲಿಲ್ಲ. ಅದು ಹೊಳೆಯಬೇಕಾದ ಅಗತ್ಯ ಅವನಿಗೆ ಹುಟ್ಟಿದಾಗಿನಿಂದ ಬಿದ್ದಿರಲಿಲ್ಲ.

ಪೌಳಿಗೆ ಗೇಟಿದೆ. ಗೇಟಿಗೆ ಬೋರ್ಡಿಲ್ಲ. ಬೋರ್ಡು ಹಾಕಿದರೆ ಕೇಸಾಗುತ್ತದೆ ಅಂತ ಊರಿನವರಿಗೆ ಗೊತ್ತು. ಬೋರ್ಡಿಲ್ಲದೆಯೂ ನಮಗೆ ಗೊತ್ತು. ನಾವು ಗೇಟಿನವರೆಗೆ ಗುಡಿಸಿ ಅಲ್ಲಿಗೆ ನಿಲ್ಲಿಸುತ್ತೇವೆ. ನನ್ನ ಅವ್ವನೂ ಇಪ್ಪತ್ತು ವರ್ಷ ಅಲ್ಲಿಗೇ ನಿಲ್ಲಿಸಿದಳು. ಗುಡಿಯ ಧರ್ಮದರ್ಶಿ ರಂಗಯ್ಯನವರು ಅವಳನ್ನು 'ಏಯ್' ಅಂತ ಕರೆಯುತ್ತಿದ್ದರು. ಅವಳಿಗೆ ಒಂದು ಹೆಸರಿತ್ತು ಅನ್ನುವುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಮೊದಲ ದಿನವೇ ಅನಿಲ್ ಕುಮಾರನಿಗೆ ಹೇಳಿದೆ.

"ಅಣ್ಣ, ಚುಕ್ಕೆ ಗುಡಿಯೊಳಗ್ ಬಿದ್ದೈತೆ."

ಅವನು ನಕ್ಷೆ ನೋಡಿದ. ತಲೆ ಕೆರೆದುಕೊಂಡ. "ಹೌದಲ್ಲಕ್ಕ. ಆದ್ರೆ ಒಂದ್ಸಲ ಫ್ರೀಜ್ ಆದ್ಮೇಲೆ ನಮ್ ಕೈಲಿಲ್ಲ. ಬೆಂಗಳೂರಿಂದ ತೆಗೀಬೇಕು. ಪಿಡಿಒ ಸಾಹೇಬ್ರು ಬರ್ದು ಕಳಿಸ್ಬೇಕು."

ಪಿಡಿಒ ಪ್ರಸನ್ನ ಕುಮಾರ್ ಬರೆದು ಕಳಿಸಲಿಲ್ಲ. ಬರೆದರೆ ಮೊದಲು ಹಾಕಿದ್ದು ತಪ್ಪು ಅಂತ ಆಗುತ್ತದೆ. ಅವರ ವರದಿಯಲ್ಲಿ 'ದೂರುಗಳು: ಶೂನ್ಯ' ಅಂತ ಇತ್ತು. ಜಿಲ್ಲೆಯಲ್ಲಿ ಶೂನ್ಯ ಇದ್ದದ್ದು ನಾಲ್ಕೇ ಪಂಚಾಯ್ತಿಯಂತೆ. "ಹೊಂದ್ಕೊಂಡು ಹೋಗಮ್ಮ," ಅಂದರು.

ಹೊಂದಿಕೊಂಡೆವು. ಫೋನನ್ನು ಉದ್ದನೆಯ ಪೊರಕೆ ಕೋಲಿನ ತುದಿಗೆ ಕಟ್ಟಿದೆವು. ಕೋಲನ್ನು ಪೌಳಿಯ ಗೋಡೆಯ ಮೇಲಿಂದ ಒಳಗೆ ಚಾಚಿದೆವು. ಫೋನು ಒಳಗೆ, ನಾವು ಹೊರಗೆ. ಗೋಡೆಗೆ ಎದೆ ಒತ್ತಿ, ಕತ್ತು ಮುಂದೆ ಮಾಡಿ ಮುಖ ತೋರಿಸಿದೆವು. "ಕಣ್ಣು ಮಿಟುಕಿಸಿ" ಅನ್ನುತ್ತಿತ್ತು ಫೋನು. ಗುಡಿಯ ಕಡೆ ನೋಡುತ್ತ ಕಣ್ಣು ಮಿಟುಕಿಸಿದೆವು. ತಿಮ್ಮಪ್ಪ ಏನಂದುಕೊಂಡನೋ.

ಎಂಟು ದಿನ ಆದಮೇಲೆ ರಂಗಯ್ಯನವರು ಬಂದರು. "ಪೊರಕೆ ಗುಡಿ ಗೋಡೆ ದಾಟೋದೇನ್ರೇ? ಮೈಲಿಗೆ ಅನ್ನೋದೈತೋ ಇಲ್ವೋ?" ಅಂದರು. ಬಿದಿರು ಕೋಲು ತಂದೆವು. ಬಿದಿರಿಗೆ ಮೈಲಿಗೆ ಇಲ್ಲ, ಆದರೆ ಅದರ ತುದಿಯ ಫೋನು ನಮ್ಮದು. ಹಾಗಾಗಿ ಪೂಜಾರಪ್ಪ ಒಳಗೆ ನಿಂತು, ಫೋನು ಗೋಡೆ ದಾಟಿದ ಕೂಡಲೇ ಅದರ ಮೇಲೆ ತುಳಸಿ ನೀರು ಚಿಮುಕಿಸಲು ಶುರು ಮಾಡಿದ. ಭಕ್ತಿಯಿಂದಲೇ ಚಿಮುಕಿಸಿದ. ಒಂದು ಫೋನು ಸತ್ತಿತು. ಎರಡನೆಯದಕ್ಕೆ ಪ್ಲಾಸ್ಟಿಕ್ ಸುತ್ತಿದೆವು.

ಇದರಲ್ಲಿ ಐದು ಜನರ ಹಾಜರಿ ಹೇಗೋ ಬೀಳುತ್ತಿತ್ತು. ಬೀಳದಿದ್ದದ್ದು ಮಹಾಲಕ್ಷ್ಮಮ್ಮನದು.

ಮಹಾಲಕ್ಷ್ಮಮ್ಮ ನಮ್ಮೆಲ್ಲರಿಗಿಂತ ದೊಡ್ಡವಳು. ನಾನು ಅತ್ತೆ ಅನ್ನುತ್ತೇನೆ. ಊರಿನವರು ಲಚ್ಚಿ ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಬಗ್ಗಿ ಗುಡಿಸಿ ಅವಳ ಬೆನ್ನು ಬಗ್ಗಿಯೇ ಉಳಿದಿದೆ. ಗೋಡೆ ನನಗೆ ಎದೆಮಟ್ಟ, ಅವಳಿಗೆ ತಲೆಯ ಮೇಲೆ. ಹಿಂದೆ ಸರಿದು ನಿಂತರೆ 'ಮುಖ ದೂರವಿದೆ' ಅನ್ನುತ್ತಿತ್ತು. ಒಂದು ಕಲ್ಲು ತಂದು ಹಾಕಿ ನಿಲ್ಲಿಸಿದೆವು. ಮಾರನೆಯ ದಿನ ಕಲ್ಲಿರಲಿಲ್ಲ. ಕಲ್ಲು ಹತ್ತಿದರೆ ಗರ್ಭಗುಡಿ ಕಾಣುತ್ತದಂತೆ. ಆಮೇಲೆ ನಾನೇ ಅವಳ ಸೊಂಟ ಹಿಡಿದು ಎತ್ತಿದೆ. 'ಮುಖ ಅಲುಗಾಡುತ್ತಿದೆ' ಅಂದಿತು ಫೋನು. ಅಲುಗಾಡುತ್ತಿದ್ದದ್ದು ನನ್ನ ಕೈ. ದಿನಾ ಅನಿಲ್ ಕುಮಾರ್ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆದುಕೊಂಡು, ತಿಂಗಳ ಕೊನೆಗೆ ಹೇಗೋ ಸರಿಮಾಡುತ್ತಿದ್ದ. ಅದಕ್ಕೇ ಅವನನ್ನು ಕೆಟ್ಟವನಲ್ಲ ಅಂದದ್ದು.

ಐದನೆಯ ತಿಂಗಳಲ್ಲಿ ಪಂಚಾಯ್ತಿಗೆ ಒಂದು ಕಾಗದ ಬಂತು. 'ತಂತ್ರಾಂಶದ ನಿರ್ವಹಣೆಯಲ್ಲಿ ಬಳಕೆದಾರರ ಪಾಲ್ಗೊಳ್ಳುವಿಕೆ' ಅಂತ ಮೇಲೆ ಬರೆದಿತ್ತು. ಮಧುಗಿರಿಯಲ್ಲಿ ಸಭೆ. ಪಂಚಾಯ್ತಿಗೊಬ್ಬರಂತೆ ಬಳಕೆದಾರರು ಬರಬೇಕು.

"ನೀನೇ ಹೋಗಕ್ಕ, ನಿನ್ ಬಾಯಲ್ಲೇ ಹೇಳು," ಅಂದ ಅನಿಲ್ ಕುಮಾರ್.

ನನಗೆ ಖುಷಿಯಾಯಿತು. ಒಗೆದ ಸೀರೆ ಉಟ್ಟು ಆರು ಗಂಟೆ ಬಸ್ಸಿಗೆ ಹೋದೆ. ಸಭಾಂಗಣದಲ್ಲಿ ಎ.ಸಿ. ಇತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಪಿಡಿಒಗಳು, ಆಪರೇಟರುಗಳು ಬಂದಿದ್ದರು. ಪೊರಕೆ ಹಿಡಿಯುವವಳು ನಾನೊಬ್ಬಳೇ. ಕಾಫಿ ಆದಮೇಲೆ ಕನ್ನಡಕದವರೊಬ್ಬರು ನನ್ನ ಕೈಗೆ ಖಾಲಿ ಲೋಟ ಕೊಟ್ಟರು. ಅವರನ್ನು ನೋಡಿ ಪಕ್ಕದವರೂ ಕೊಟ್ಟರು. ಏಳು ಲೋಟ ಹಿಡಿದುಕೊಂಡು ಹಿಂದಿನ ಸಾಲಿನಲ್ಲಿ ಕೂತೆ.

ಬೆಂಗಳೂರಿನಿಂದ ಬಂದಿದ್ದ ಸಾಫ್ಟ್‌ವೇರಿನವರು ತುಂಬಾ ಚೆನ್ನಾಗಿ ಮಾತಾಡಿದರು. ಬಳಕೆದಾರರ ಮಾತು ಕೇಳದೆ ಮಾಡಿದ ಆ್ಯಪ್ ಬದುಕುವುದಿಲ್ಲ ಅಂದರು. ನಂತರ ಭದ್ರತೆಯ ವಿಷಯ ಹೇಳಿದರು. ಗುಂಪಿನ ಯಾವ ಬದಲಾವಣೆ ಮಾಡಿದರೂ ಗುಂಪಿನ ಫೋನಿಗೆ ಒಂದು ಓಟಿಪಿ ಬರುತ್ತದೆ. ಒಪ್ಪಿಗೆ ಇದ್ದರೆ ಗುಂಪಿನ ಮುಖ್ಯಸ್ಥೆ ತಾನೇ ಅದನ್ನು ಒತ್ತಬೇಕು. ಬೇರೆ ಯಾರಿಗೂ ಹೇಳಬಾರದು. "ಅಧಿಕಾರಿ ಕೇಳಿದ್ರೂ?" ಅಂತ ಕೇಳಿದರು. "ಹೇಳಬಾರದು," ಅಂತ ಎಲ್ಲರೂ ಕೂಗಿದರು. ಮೂರು ಸಲ ಕೂಗಿಸಿದರು. ನಾನೂ ಕೂಗಿದೆ.

ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಅಂದರು. ಲೋಟ ಕೆಳಗಿಟ್ಟು ಎದ್ದೆ. ಚುಕ್ಕೆ, ಗೋಡೆ, ಬಿದಿರು ಕೋಲು, ಅತ್ತೆಯ ಬೆನ್ನು, ಎಲ್ಲಾ ಹೇಳಿದೆ. ಪ್ರಸನ್ನ ಕುಮಾರ್ ಚಾವಣಿ ನೋಡುತ್ತಿದ್ದರು.

"ನೀವು ಯಾರು ಮೇಡಂ?" ಅಂದರು ಬೆಂಗಳೂರಿನವರು.

"ಬಳಕೆದಾರಳು ಸಾ."

ಅವರು ಪಟ್ಟಿ ನೋಡಿದರು. ಮೃದುವಾಗಿಯೇ ಹೇಳಿದರು. "ಬಳಕೆದಾರರು ಅಂದ್ರೆ ಲಾಗಿನ್ ಇರೋರಮ್ಮ. ಪಿಡಿಒ, ಆಪರೇಟರ್, ಇವರು. ನೀವು ಬಳಕೆದಾರರಲ್ಲ. ನೀವು ಡೇಟಾ."

ಯಾರೋ ನಕ್ಕರು. ಅವರು ಬೈದಿರಲಿಲ್ಲ, ಇದ್ದದ್ದನ್ನು ಹೇಳಿದ್ದರು. ಲೋಟಗಳನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಅಷ್ಟೇ ನನ್ನಿಂದ ಆದದ್ದು.

ಆ ಸಭೆಯಿಂದ ಏನೂ ಆಗಲಿಲ್ಲ ಅಂತ ಹೇಳುವ ಹಾಗಿಲ್ಲ. ಒಂದೂವರೆ ತಿಂಗಳಿಗೆ ಹೊಸ ಅಪ್‌ಡೇಟ್ ಬಂತು. ಬಳಕೆದಾರರ ಸಲಹೆಯ ಮೇರೆಗೆ ಸುಧಾರಿಸಲಾಗಿದೆ ಅಂತ ಅದರಲ್ಲೇ ಬರೆದಿತ್ತು. ಸುಧಾರಣೆ ಏನೆಂದರೆ, ಇನ್ನು ಮೇಲೆ ಆಪರೇಟರ್ ಯಾರ ಹಾಜರಿಯನ್ನೂ ಕೈಯಿಂದ ಸರಿಮಾಡಲು ಆಗುವುದಿಲ್ಲ. ಇಪ್ಪತ್ತೊಂದು ದಿನ ಒಂದೇ ಸಮ ಗೈರಾದವರ ಹೆಸರು ತಾನಾಗಿಯೇ ಪಟ್ಟಿಯಿಂದ ಹೋಗುತ್ತದೆ. ಹೋದದ್ದು ವಾಪಸ್ಸು ಬರುವುದಿಲ್ಲ.

ಅನಿಲ್ ಕುಮಾರ್ ಇದನ್ನು ಓದಿ ಹೇಳುವಾಗ ಅತ್ತೆ ಚರಂಡಿಯ ಹೂಳು ಎತ್ತುತ್ತಿದ್ದಳು. ಮೊಣಕಾಲವರೆಗೆ ಕೆಸರು.

"ಅಂಗಂದ್ರೆ ನಾನು ಕೆಲ್ಸಕ್ ಬಂದಿಲ್ವಂತಾ?" ಅಂದಳು.

"ಬಂದಿದೀಯ ಕಣಜ್ಜಿ. ಆದ್ರೆ ಬಂದಿಲ್ಲ ಅಂತ ತೋರಿಸ್ತೈತೆ."

"ಈ ಹೂಳು ಯಾರು ಎತ್ತಿದ್ದಂತೆ?"

ಅದಕ್ಕೆ ಆ್ಯಪ್‌ನಲ್ಲಿ ಜಾಗ ಇರಲಿಲ್ಲ.

ದಿನ ಎಣಿಸಿದೆವು. ದಿನಾ ಬೆಳಿಗ್ಗೆ ಇಬ್ಬಿಬ್ಬರು ಸೇರಿ ಅವಳನ್ನು ಎತ್ತಿದೆವು. ಮುಖ ಅಲುಗಾಡುತ್ತಿದೆ. ಮುಖ ಅಲುಗಾಡುತ್ತಿದೆ. ಹದಿನೈದು ಆಯಿತು. ಹದಿನೆಂಟಾಯಿತು. ಪ್ರಸನ್ನ ಕುಮಾರರ ಮುಂದೆ ಮತ್ತೆ ನಿಂತೆ. "ಬೆಂಗಳೂರಿಂದ ಆಗ್ಬೇಕಮ್ಮ, ಆರು ತಿಂಗ್ಳಾದ್ರೂ ಬೇಕು," ಅಂದರು.

ಇಪ್ಪತ್ತನೆಯ ದಿನ ಸೋಮವಾರ. ಏಳಕ್ಕೆ ಹತ್ತು ನಿಮಿಷ ಇತ್ತು. ನಾನೂ ಅನುಷಾಳೂ ಅತ್ತೆಯನ್ನು ಎತ್ತಿದೆವು. ಅನುಷಾ ನಮ್ಮಲ್ಲಿ ಚಿಕ್ಕವಳು, ಮದುವೆಯಾಗಿ ಎರಡು ವರ್ಷ. ಅತ್ತೆಯ ಗದ್ದ ಗೋಡೆಗೆ ತರಚಿತು. ರಕ್ತ ಬಂತು. ಒಳಗಿನಿಂದ ಪೂಜಾರಪ್ಪ ನೀರು ಚಿಮುಕಿಸಿದ. ಫೋನಿನ ಬದಲು ಅವಳ ಮುಖಕ್ಕೆ ಬಿತ್ತು.

"ಕೆಳಗ್ ಬುಡ್ರೇ ನನ್ನ," ಅಂದಳು.

ಇಳಿಸಿದೆವು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಿದಿರು ಕೋಲಿನಿಂದ ಫೋನು ಬಿಚ್ಚಿದಳು. ಗೇಟಿನ ಹತ್ತಿರ ಹೋದಳು. ಚಪ್ಪಲಿ ಬಿಟ್ಟಳು. ಒಳಗೆ ಹೋದಳು.

ಅಷ್ಟೇ. ಗೇಟಿಗೆ ಬೀಗ ಇರಲಿಲ್ಲ. ಯಾವತ್ತೂ ಇರಲಿಲ್ಲ. ಅವಳು ಬೇವಿನ ಮರದ ಕೆಳಗೆ ನಿಂತು ಫೋನನ್ನು ಮುಖದ ಮುಂದೆ ಹಿಡಿದಳು. ಕಣ್ಣು ಮಿಟುಕಿಸಿದಳು.

"ಮಹಾಲಕ್ಷ್ಮಮ್ಮ ಅವರೇ, ಧನ್ಯವಾದಗಳು. ನಿಮ್ಮ ಹಾಜರಿ ದಾಖಲಾಗಿದೆ."

ಪೌಳಿಯ ಗೋಡೆಗಳಿಗೆ ತಾಗಿ ಅದು ಇನ್ನೂ ದೊಡ್ಡದಾಗಿ ಕೇಳಿಸಿತು. ಅತ್ತೆ ಹಿಂದೆ ತಿರುಗಿ ನೋಡಿದಳು. "ಎವರಮ್ಮಾ?" ಅಂದಳು. ಗಾಬರಿಯಾದರೆ ಅವಳಿಗೆ ತೆಲುಗು ಬರುತ್ತದೆ, ಯಾರಮ್ಮ ಅಂತ ಕೇಳಿದ್ದು. ಯಾರೋ ದೊಡ್ಡವರು ಬಂದರು ಅಂದುಕೊಂಡಿದ್ದಳು. ಏಳು ತಿಂಗಳಲ್ಲಿ ಅವಳ ಹೆಸರನ್ನು ಫೋನು ಹೇಳಿದ್ದು ಅದೇ ಮೊದಲು.

"ನೀನೇ ಕಣತ್ತೆ," ಅಂದೆ. ಅಂದು ನಾನೂ ಒಳಗೆ ಹೋದೆ. ಐದೂ ಜನ ಹೋದೆವು.

ಪೂಜಾರಪ್ಪನ ಕೈಯಿಂದ ತಂಬಿಗೆ ಬಿತ್ತು. ಕಾಲು ಗಂಟೆಯಲ್ಲಿ ರಂಗಯ್ಯನವರು ಬಂದರು, ಹಿಂದೆ ಊರೇ ಬಂತು. ಬಂದವರು ಏನೇನು ಬೈದರು ಅಂತ ಬರೆಯುವುದಿಲ್ಲ, ಆ ಮಾತುಗಳನ್ನು ನಮ್ಮ ಮಕ್ಕಳು ಓದುವುದು ಬೇಡ. ಕೈ ಮಾಡಲು ಬಂದವನೊಬ್ಬನನ್ನು ರಂಗಯ್ಯನವರೇ ತಡೆದರು. ಕೇಸಾಗುತ್ತದೆ ಅನ್ನುವುದು ಅವರಿಗೆ ಮೊದಲಿನಿಂದ ಗೊತ್ತಲ್ಲ. ಅವರು ಪ್ರಸನ್ನ ಕುಮಾರರಿಗೆ ಫೋನು ಮಾಡಿದರು.

ಎಂಟಕ್ಕೆಲ್ಲಾ ಪ್ರಸನ್ನ ಕುಮಾರ್ ಬಂದರು, ಅನಿಲ್ ಕುಮಾರ್ ಲ್ಯಾಪ್‌ಟಾಪ್ ತಂದ. ಬೆಂಗಳೂರಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಬೆಂಗಳೂರಿನವರು ಚುಕ್ಕೆಯ ಫ್ರೀಜ್ ತೆಗೆದರು. ಆರು ತಿಂಗಳು ಬೇಕು ಅಂದಿದ್ದು ಅರ್ಧ ಗಂಟೆ. ನಾನು ಗುಡಿಯ ಗಡಿಯಾರದಲ್ಲಿ ನೋಡಿದೆ. ಒಳಗಿದ್ದದ್ದರಿಂದ ಗಡಿಯಾರ ಕಾಣುತ್ತಿತ್ತು.

ಹೊಸ ಚುಕ್ಕೆಯನ್ನು ಊರಾಚೆ ಕಸದ ಗುಂಡಿಯ ಪಕ್ಕ ಹಾಕಿದರು, ಹೆಣ ಸುಡುವ ಜಾಗಕ್ಕೆ ಹತ್ತಿರ. ಅನಿಲ್ ಕುಮಾರ್ ಲ್ಯಾಪ್‌ಟಾಪ್‌ನಲ್ಲಿ ಬಟನ್ ಒತ್ತಿದ. ನನ್ನ ಕೈಯಲ್ಲಿದ್ದ ಫೋನು ಕಿಣಿ ಅಂತು.

"ಓಟಿಪಿ ಬಂತಾ? ಹೇಳಮ್ಮ," ಅಂದರು ಪ್ರಸನ್ನ ಕುಮಾರ್.

"ಯಾರ್ಗೂ ಹೇಳ್ಬಾರ್ದು ಸಾ."

"ಏನು?"

"ಅಧಿಕಾರಿ ಕೇಳಿದ್ರೂ ಹೇಳ್ಬಾರ್ದು. ಮಧುಗಿರೀಲಿ ಮೂರು ಸಲ ಕೂಗ್ಸಿದ್ರಲ್ಲ. ನೀವೂ ಕೂಗಿದ್ರಿ."

ಅವರು ಉಸಿರು ಎಳೆದುಕೊಂಡರು. "ಸರಿ. ಹೇಳ್ಬೇಡ. ನೀನೇ ಒತ್ತು."

"ಒಪ್ಪಿಗೆ ಇದ್ರೆ ಒತ್ಬೇಕು ಸಾ. ನಂಗೆ ಒಪ್ಗೆ ಇಲ್ಲ."

"ಏಳು ತಿಂಗ್ಳಿಂದ ಇದನ್ನೇ ಕೇಳ್ತಿದ್ದೆ ನೀನು! ಚುಕ್ಕೆ ತೆಗೀರಿ ಅಂತ!"

"ಹೌದು. ಆಗಲ್ಲ ಅಂದ್ರಿ. ಇವತ್ತು ಆಯ್ತು. ಅಂದ್ರೆ ಅವತ್ತೂ ಆಗ್ತಿತ್ತು. ಅತ್ತೆ ಗದ್ದ ನೋಡಿ ಸಾ. ನಮಗೀಗ ಈ ಜಾಗ ಚೆಂದಾಗೈತೆ. ನೆರಳೈತೆ, ನೆಟ್‌ವರ್ಕ್ ಐತೆ."

ಹತ್ತು ನಿಮಿಷಕ್ಕೆ ಓಟಿಪಿ ಸತ್ತಿತು. ಇನ್ನೊಂದು ಕಳಿಸಿದರು. ಅದೂ ಸತ್ತಿತು. ನನ್ನ ನಂಬರನ್ನೇ ಬದಲಿಸಲು ನೋಡಿದರು. ಅದಕ್ಕೂ ಹಳೆಯ ನಂಬರಿಗೇ ಓಟಿಪಿ ಬಂತು. ಫೋನು ಕಿತ್ತುಕೊಳ್ಳಲು ಒಬ್ಬ ಬಂದ. ಅದನ್ನು ರವಿಕೆಯೊಳಗೆ ಇಟ್ಟುಕೊಂಡು ನಿಂತೆ. ನಮ್ಮನ್ನು ಮುಟ್ಟಬಾರದು ಅನ್ನುವ ಅವರ ನಿಯಮ ಅವತ್ತು ನನ್ನ ಕೈಹಿಡಿಯಿತು.

ಮಂಗಳವಾರ ಗೇಟಿಗೆ ಬೀಗ ಬಿದ್ದಿತ್ತು. ಗೇಟಿನ ಮುಂದೆ ನಿಂತೆವು. ಹಾಜರಿ ಬೀಳಲಿಲ್ಲ. ಹಾಜರಿ ಬೀಳದೆ ಪೊರಕೆ ಮುಟ್ಟಬಾರದು ಅನ್ನುವ ನಿಯಮ ನನಗೆ ನೆನಪಾಯಿತು. ಪೊರಕೆಗಳನ್ನು ಗೇಟಿಗೆ ಒರಗಿಸಿ ಮನೆಗೆ ಹೋದೆವು. ಬುಧವಾರವೂ ಹಾಗೇ. ಹೋಟೆಲಿನ ಮುಂದಿನ ಎಲೆ ಅಲ್ಲೇ ಉಳಿಯಿತು. ಚರಂಡಿ ಕಟ್ಟಿ ರಂಗಯ್ಯನವರ ಜಗಲಿಯ ಕೆಳಗೆ ನಿಂತಿತು.

ಕಾಲೋನಿಗೂ ಬಿಸಿ ತಟ್ಟಿತು. ಡೈರಿಯಲ್ಲಿ ನಮ್ಮ ಹಾಲು ಬೇಡ ಅಂದರು. ಅನುಷಾಳ ಗಂಡ ಅಂಜನ್ ಕುಮಾರ್ ರಂಗಯ್ಯನವರ ಟ್ರ್ಯಾಕ್ಟರ್ ಓಡಿಸುತ್ತಾನೆ. ನಾಳೆಯಿಂದ ಬರಬೇಡ ಅಂದರು. ಬುಧವಾರ ಮಧ್ಯಾಹ್ನ ಅನುಷಾ ನನ್ನ ಮನೆಗೆ ಬಂದಳು. ಮುಖ ಊದಿತ್ತು, ಅಳುವಿನಿಂದಲೋ ಏಟಿನಿಂದಲೋ ನಾನು ಕೇಳಲಿಲ್ಲ.

"ಒತ್ಬುಡಕ್ಕ. ನಿನ್ ಕಾಲಿಗ್ ಬೀಳ್ತೀನಿ. ಒಂದು ನಂಬರ್ ತಾನೇ?"

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಹೊಟ್ಟೆ ಅವಳಿಗೆ. ಫೋನು ತೆಗೆದೆ. ಬುಧವಾರದ ಓಟಿಪಿ ಆಗ ತಾನೇ ಬಂದಿತ್ತು, ಒಟ್ಟು ಹನ್ನೊಂದನೆಯದು. ಬೆರಳು ಅದರ ಮೇಲೆ ಹೋಯಿತು. ಸುಳ್ಳು ಹೇಳುವುದಿಲ್ಲ, ಮೂರು ಅಂಕಿ ಒತ್ತಿಯೂ ಬಿಟ್ಟೆ.

ಅತ್ತೆ ಬಾಗಿಲಲ್ಲಿ ಕೂತಿದ್ದಳು. ಗದ್ದದ ಗಾಯಕ್ಕೆ ಅರಿಶಿನ ಹಚ್ಚಿಕೊಂಡಿದ್ದಳು. ನನ್ನನ್ನು ತಡೆಯಲಿಲ್ಲ. ಅನುಷಾಳನ್ನೇ ನೋಡುತ್ತ ಕೇಳಿದಳು.

"ಕಸದ ಗುಂಡೀಗೆ ಹೋದ್ರೆ ಆಮ್ಯಾಕೆ ಆ ಫೋನು ನಮ್ ಹೆಸ್ರ ಯಾರ್ ಮುಂದೆ ಕೂಗ್ತೈತವ್ವ? ಹೆಣದ್ ಮುಂದೇನಾ?"

ಉಳಿದ ಅಂಕಿ ನಾನು ಒತ್ತಲಿಲ್ಲ. ಓಟಿಪಿ ಸತ್ತ ಸದ್ದಾದ ಮೇಲೆ ಅನುಷಾ ಎದ್ದು ಹೋದಳು.

ಗುರುವಾರ ಮೂರನೆಯ ದಿನ. ಇಡೀ ಗುಂಪು ಮೂರು ದಿನ ಗೈರಾದರೆ ಪಿಡಿಒ ಹೆಸರು ಜಿಲ್ಲೆಯ ಪರದೆಯಲ್ಲಿ ಕೆಂಪಾಗುತ್ತದೆ. ಅದೂ ಹೊಸ ಅಪ್‌ಡೇಟ್‌ನಲ್ಲೇ ಬಂದದ್ದು. ಏಳಕ್ಕೆ ಐದು ನಿಮಿಷ ಇರುವಾಗ ಪ್ರಸನ್ನ ಕುಮಾರ್ ಬೈಕಿನಲ್ಲಿ ಬಂದರು. ಶರ್ಟಿನ ಗುಂಡಿ ಮೇಲೆ ಕೆಳಗೆ ಆಗಿತ್ತು. ರಂಗಯ್ಯನವರ ಜೊತೆ ಗೇಟಿನ ಪಕ್ಕ ನಿಂತು ಮೆಲ್ಲಗೆ ಮಾತಾಡಿದರು. ಶೂನ್ಯ, ಕೆಂಪು, ಸಸ್ಪೆಂಡ್ ಅನ್ನುವ ಮಾತುಗಳು ಕೇಳಿಸಿದವು. ರಂಗಯ್ಯನವರು ಬೀಗದ ಕೈಯನ್ನು ಅವರ ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟರು. ಪ್ರಸನ್ನ ಕುಮಾರ್ ತಾವೇ ಬೀಗ ತೆಗೆದರು.

ನಾನು ಹಿಂದೆ ತಿರುಗಿದೆ. ಆರೂ ಜನ ಇದ್ದೆವು. ಅನುಷಾ ಕೊನೆಯಲ್ಲಿ ನಿಂತಿದ್ದಳು, ಸೆರಗು ತಲೆಯ ಮೇಲೆ.

ಗೇಟು ದಾಟುವಾಗ ರಂಗಯ್ಯನವರು ಅಡ್ಡ ನಿಂತರು.

"ಮಂಜಮ್ಮ, ಆ ನಂಬರೊಂದು ಒತ್ಬುಡಮ್ಮ," ಅಂದರು.

ಅವರಿಗೆ ನನ್ನ ಹೆಸರು ಗೊತ್ತಿತ್ತು. ನನ್ನ ಅವ್ವ ನೆನಪಾದಳು, ಇದೇ ಗೇಟಿನ ಮುಂದೆ, 'ಏಯ್' ಅಂದಾಗ ತಲೆ ಬಗ್ಗಿಸುತ್ತಿದ್ದವಳು. ಅಳು ಬಂತು. ಅವರ ಮುಂದೆ ಅಳಲಿಲ್ಲ.

"ಒತ್ತಲ್ಲ," ಅಂದೆ.

ಅತ್ತೆ ಅಷ್ಟರಲ್ಲಿ ಚಪ್ಪಲಿ ಬಿಟ್ಟಾಗಿತ್ತು. ಅವಳು ಗಿಡ್ಡ, ಬೆನ್ನು ಬಾಗಿದೆ. ರಂಗಯ್ಯನವರ ತೋಳಿನ ಕೆಳಗೆ ನುಸುಳಿ ಒಳಗೆ ಹೋದಳು. ಮುಟ್ಟಿಸಿಕೊಳ್ಳಬಾರದಲ್ಲ, ಅವರೇ ಸರಿದು ದಾರಿ ಬಿಟ್ಟರು. ಬೇವಿನ ಮರದ ಕೆಳಗೆ ಫೋನು ಹಿಡಿದು ಅವಳ ಮುಖದ ಮುಂದೆ ನಿಂತೆ. ಕೈ ಅಲುಗಾಡಲಿಲ್ಲ.

"ಮಹಾಲಕ್ಷ್ಮಮ್ಮ ಅವರೇ, ಧನ್ಯವಾದಗಳು. ನಿಮ್ಮ ಹಾಜರಿ ದಾಖಲಾಗಿದೆ."

ಊರಿನವರು ಗೋಡೆಯ ಹೊರಗೆ ನಿಂತು ಕೇಳಿಸಿಕೊಂಡರು. ಅತ್ತೆ ಈ ಸಲ ಹಿಂದೆ ತಿರುಗಲಿಲ್ಲ. ಫೋನಿನ ಕಡೆಗೇ ನೋಡುತ್ತಿದ್ದಳು.

"ಇನ್ನೊಂದ್ಸಲ ಹೇಳ್ಸವ್ವ ಅದ್ನ," ಅಂದಳು.

"ದಿನಕ್ ಒಂದೇ ಸಲ ಕಣತ್ತೆ."

ಅವಳು ಗೇಟಿಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡಳು.

"ಅಂಗಾರೆ ನಾಳೆ ಬರಾನ."